ಒಂದು ಗಂಟೆ ತಿರುವಬೇಕು

ನೊಣ ಬಿತ್ತು, ಪೀಪಾಯಿಯ ಸುಳಿಯಲ್ಲಿ ಮೂರು ಸುತ್ತು ಹೊಡೆದು ನಡುವಿನ ಗುಳಿಗೆ ಇಳಿದೇ ಹೋಯಿತು, ಪುಣ್ಯ ಮಾಡಿತ್ತು, ಅದಕ್ಕಾದರೂ ಬಿಡುಗಡೆ, ನನಗೆ ಇನ್ನೂ ನಲವತ್ತು ನಿಮಿಷ — ದಿಕ್ಕು ಬದಲಿಸು ಅನ್ನುತ್ತಾರೆ ನನ್ನ ಗಂಡ, ಬೆಂಚಿನ ಮೇಲೆ ಕೂತು, ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿದೆ, ಎಡಗೈಯಲ್ಲಿ ಗಡಿಯಾರ, ಗೊಬ್ಬರದ ಗುಡ್ಡೆ ಎಷ್ಟು ಬಿಸಿಯಾಗಿದೆ ಅಂತ ನೋಡಲು ಹತ್ತಿ ಜಾರಿ ಭುಜ ಮುರಿದುಕೊಂಡ ಮಹಾನುಭಾವರು, ಅದಕ್ಕೇ ಈ ವರ್ಷ ಕೋಲು ನನ್ನ ಕೈಗೆ. ಬಲಕ್ಕೆ ತಿರುವಿ ಸುಳಿ ಎಬ್ಬಿಸಬೇಕು, ಅದನ್ನು ಮುರಿಯಬೇಕು, ಎಡಕ್ಕೆ ತಿರುವಬೇಕು, ಮತ್ತೆ ಮುರಿಯಬೇಕು, ಹೀಗೆ ಒಂದು ಗಂಟೆ, ನಡುವೆ ನಿಲ್ಲಿಸಿದರೆ ಅಷ್ಟೂ ನೀರು ಚೆಲ್ಲಿ ಮೊದಲಿನಿಂದ, ಯಾತಕ್ಕಪ್ಪಾ ಅಂದರೆ ಆಕಾಶದ ಶಕ್ತಿ ನೀರಿಗಿಳಿಯಬೇಕಂತೆ, ಆಕಾಶಕ್ಕೆ ಬೇರೆ ಕೆಲಸವಿಲ್ಲ ಪಾಪ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆದವಳು ನಾನು, ಸಾರಜನಕ ಎಷ್ಟು ರಂಜಕ ಎಷ್ಟು ಹೇಳಬಲ್ಲೆ, ಆಕಾಶದ ಶಕ್ತಿ ಅಳೆಯುವ ನಳಿಕೆ ಇನ್ನೂ ನಮ್ಮಲ್ಲಿಗೆ ಬಂದಿಲ್ಲ. ಹಸುವಿನ ಕೊಂಬಿಗೆ ಸಗಣಿ ತುಂಬಿ, ಚಳಿಗಾಲವಿಡೀ ಹೂತಿಟ್ಟು, ಅಗೆದು ತೆಗೆದು, ಅದರಲ್ಲಿ ಒಂದು ಹಿಡಿಯನ್ನು ಇಡೀ ಪೀಪಾಯಿ ನೀರಿಗೆ ಕಲಸಿ, ಸಂಜೆ ತೋಟಕ್ಕೆಲ್ಲ ಚಿಮುಕಿಸುವುದು, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಡುಗೆಮನೆ ಗೋಡೆಯ ಮೇಲೆ ಯಾವ ದಿನ ಏನು ನೆಡಬೇಕು ಅಂತ ಹೇಳುವ ಇವರ ಚಂದ್ರನ ಹಾಳೆ, ಇವತ್ತು ಬೇರಿನ ದಿನ, ನಾಳೆ ಹೂವಿನ ದಿನ, ಕೋಸಿನ ಸಸಿ ಈಗ ನೆಡಬೇಡ ಕಣೇ, ಚಂದ್ರ ಸರಿಯಿಲ್ಲ — ಚಂದ್ರ ಸರಿಯಾಗೇ ಇದ್ದಾನೆ, ಸರಿಯಿಲ್ಲದವರು ಯಾರು ಅಂತ ನಾನು ಹೇಳುವುದಿಲ್ಲ.

ಆ ಮೇಜಿನ ಕಡೆ ನೋಡಬಾರದು, ನೋಡುವುದಿಲ್ಲ, ನೋಡಿದೆ. ಬೆಳಿಗ್ಗೆ ಅಗೆದ ನಲವತ್ತು ಕೊಂಬು ಸಾಲಾಗಿ ಮಲಗಿವೆ, ಕೊನೆಯದರ ಬಾಯಲ್ಲಿ ಪ್ಲಾಸ್ಟಿಕ್ಕಿನ ಬಿಳಿ ಗಂಟು. ಎಡಕ್ಕೆ, ಎಡಕ್ಕೆ ತಿರುವು. ಮೂರು ವರ್ಷದ ಹಿಂದೆ, ಇವರ ಕೊಂಬಿನ ಗೊಬ್ಬರದ ಪಾಠಕ್ಕೆ ಮೊದಲ ಸಲ ಜನ ಬರುವ ವಾರ, ಮಡಿಗಳೆಲ್ಲ ಹಳದಿಗೆ ತಿರುಗಿದ್ದವು, ಕಾಮಾಲೆ ಬಂದವರ ಹಾಗೆ, ಇವರು ಕೋಸಿನ ಸಾಲಿನ ಮುಂದೆ ತಲೆ ತಗ್ಗಿಸಿ ನಿಂತಿದ್ದರು, ಆ ಬಾಗಿದ ಕತ್ತು ನನಗೆ ನೋಡಲಾಗಲಿಲ್ಲ, ಮಧ್ಯಾಹ್ನ ಇವರು ಮಲಗಿದಾಗ ಒಂದು ಹಿಡಿ ಯೂರಿಯಾ ಕರಗಿಸಿ ಹೊಯ್ದೆ. ಪ್ರೀತಿ ಅಂತ ಯಾರಾದರೂ ಅಂದರೆ ಈ ಕೋಲಿನಲ್ಲೇ ಬಾರಿಸುತ್ತೇನೆ, ಅಸಹ್ಯವಾಗಿತ್ತು ಅಷ್ಟೆ, ಬೆಳೆದ ಗಂಡಸು ಕೋಸಿನ ಮುಂದೆ ಕಣ್ಣೊರೆಸಿಕೊಳ್ಳುವುದು. ವಾರದಲ್ಲಿ ಹಸಿರೋ ಹಸಿರು. ನೋಡಿದ್ಯಾ, ಕೊಂಬಿನ ಗೊಬ್ಬರದ ಮಹಿಮೆ, ಅಂದರು, ಹೌದು ರೀ, ಏನು ಮಹಿಮೆ, ಅಂದೆ. ಆಮೇಲೆ ನಿಲ್ಲಿಸುವುದು ಹೇಗೆ, ತಿಂಗಳಿಗೊಮ್ಮೆ, ಎರಡೂವರೆ ವರ್ಷ, ದೂರದೂರಿನಿಂದ ಜನ ಬಂದು ಎಲೆ ಮುಟ್ಟಿ ಮುಟ್ಟಿ ನೋಡಿ ಹೋದರು, ನಾನು ಒಳಗೊಳಗೇ ನಕ್ಕೆ, ಹೊಟ್ಟೆ ತುಂಬ. ಹೋದ ಸಲ ಕೊಂಬು ಹೂಳುವ ವಾರ ಬೀಜದ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದ ಯೂರಿಯಾದ ಪುಟ್ಟ ಚೀಲ ಕಾಣೆಯಾಯಿತು. ಇಲಿ ಅಂದುಕೊಂಡೆ, ತಿಂದು ಸಾಯಲಿ ಅಂದುಕೊಂಡೆ, ಬೇರೆ ತರಲಿಲ್ಲ, ಈ ಸಲ ಇವರ ಬಂಡವಾಳ ಬಯಲಾಗಲಿ, ಹಳದಿಯಾಗಲಿ, ನಾನೂ ನೋಡೇ ಬಿಡುತ್ತೇನೆ — ದಿನಾ ಹೋಗಿ ಎಲೆ ಎತ್ತಿ ನೋಡಿದೆ, ಹಳದಿಯಾಗಲಿಲ್ಲ. ಕೋಸು ಅಂದರೆ ತಬ್ಬಿಕೊಳ್ಳುವಷ್ಟು. ಹಳೆಯ ಯೂರಿಯಾ ಮಣ್ಣಲ್ಲಿ ಉಳಿದಿರಬೇಕು ಅನ್ನೋಣವೆಂದರೆ ಅದು ನಾಲ್ಕು ನೀರಿಗೆ ತೊಳೆದು ಹೋಗುತ್ತದೆ ಅಂತ ಲ್ಯಾಬಿಗೆ ಬಂದವರಿಗೆಲ್ಲ ಹೇಳುವವಳು ನಾನೇ. ಕೊಂಬಲ್ಲ, ಇವರು ವರ್ಷಗಟ್ಟಲೆ ಹಾಕಿದ ಗುಡ್ಡೆ ಗೊಬ್ಬರ, ಅದೇ, ಇನ್ನೇನು, ಆದರೂ ನನ್ನ ಹಿಡಿಯಂತೂ ಅಲ್ಲ. ಬೆಳಿಗ್ಗೆ ಕೊನೆಯ ಕೊಂಬು ಕಿತ್ತಾಗ, ಅದು ನಿಂದು, ನೀನೇ ಒರೆಸು, ಅಂದರು. ಮಣ್ಣು ಒರೆಸಿದೆ, ಬಿಳಿ ಗಂಟು, ಕಾಣೆಯಾದ ನನ್ನ ಚೀಲ. ಎರಡು ಸುತ್ತು ಹಾಕಿ ಬಾಲ ಒಳಗೆ ಮಡಚಿದ್ದು, ಲ್ಯಾಬಿನಲ್ಲಿ ಮಣ್ಣಿನ ಪೊಟ್ಟಣಕ್ಕೆ ನಾನು ಹಾಕುವ ಗಂಟು, ಈ ಮನೆಯಲ್ಲಿ ಬೇರೆ ಯಾರಿಗೂ ಬಾರದು. ಇವರು ಎಡಗೈಯಲ್ಲಿ ಅದನ್ನು ಇಸಿದುಕೊಂಡು ಸಾಲಿನ ತುದಿಗಿಟ್ಟರು, ನಾಲ್ಕು ಗಂಟೆಗೆ ಜನ ಬರ್ತಾರೆ, ಮೂರೂಕಾಲಿಗೆ ತಿರುವೋಕೆ ಶುರು ಮಾಡು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ನನ್ನಲ್ಲಿ ಉತ್ತರ ಇತ್ತು.

ಯಾವಾಗಿನಿಂದ ಗೊತ್ತು ಇವರಿಗೆ, ಕೇಳಬೇಕು, ದಿಕ್ಕು ಬದಲಿಸು, ಬದಲಿಸಿದೆ. ಮೊದಲಿನಿಂದ ಗೊತ್ತಿದ್ದರೆ ಇವರೂ ಕಳ್ಳರೇ, ನನಗೆ ಸಮಾಧಾನ, ಹೋದ ಸಲವಷ್ಟೇ ಗೊತ್ತಾಗಿದ್ದರೆ — ಆರು ತಿಂಗಳು ನನ್ನ ಪಕ್ಕದಲ್ಲಿ ಕೂತು ಉಂಡು, ಚಂದ್ರನ ಹಾಳೆ ಓದಿ ಹೇಳಿ, ನಾನು ದಿನಾ ಎಲೆ ಎತ್ತಿ ನೋಡುವುದನ್ನು ನೋಡುತ್ತ — ಥೂ, ನಾಚಿಕೆ ಅಂದರೆ ಹೀಗಿರುತ್ತದೆ, ಮೈಯೆಲ್ಲ ತುರಿಸುತ್ತದೆ. ಗೇಟು ಕಿರ್ ಅಂದಿತು. ಬಂದರು, ಹನ್ನೊಂದು ಜನ, ಮುಂದೆ ಟೋಪಿ ಹಾಕಿದ ಆ ನಿವೃತ್ತ ಪೋಸ್ಟ್ ಮಾಸ್ತರು, ಇವರನ್ನು ಕಂಡರೆ ದೇವರನ್ನು ಕಂಡ ಹಾಗೆ. ಬನ್ನಿ ಬನ್ನಿ, ಈ ಸಲ ನಾನು ಬಿಡಿಸಿ ತೋರ್ಸಲ್ಲ, ನೀವೇ ಒಂದೊಂದು ಕೊಂಬು ತಗೊಳ್ಳಿ. ಯಾವುದಾದ್ರೂ ತಗೋಬಹುದಾ ಸಾರ್? ಯಾವುದಾದ್ರೂ. ಇವತ್ತು ಮೊದಲ ಸಲ ಇವರು ನನ್ನ ಮುಖ ನೋಡಿದರು, ಕೋಪವಿಲ್ಲ ಆ ಕಣ್ಣಲ್ಲಿ, ಹೆದರಿದ್ದಾರೆ, ಅಯ್ಯೋ ಇವರೂ ಹೆದರಿದ್ದಾರೆ, ಗಂಟು ಬಿಚ್ಚಿದರೆ ಹೋಗುವುದು ನನ್ನ ಮಾನವಲ್ಲ, ಇವರದು, ಮೂರು ವರ್ಷದ ಪಾಠ ಅಷ್ಟೂ, ತಿಳಿದೇ ಆ ಕೊಂಬನ್ನು ಸಾಲಿನಲ್ಲಿಟ್ಟಿದ್ದಾರೆ, ಕದ್ದು ಹಸಿರಾದದ್ದು ಬೇಡ ಅಂತ. ಕೋಲು ಬಿಟ್ಟು ನಾಲ್ಕು ಹೆಜ್ಜೆ, ಸೆರಗಿನಲ್ಲಿ ಮುಚ್ಚಿ ಒಳಗೆ ಒಯ್ದರೆ ಮುಗಿಯಿತು, ಹೋಗು, ಹೋಗೇ, ಇನ್ನು ಹನ್ನೆರಡು ನಿಮಿಷ, ನಿಲ್ಲಿಸಿದರೆ ನೀರು ಚೆಲ್ಲಿ ಮೊದಲಿನಿಂದ, ಈ ದರಿದ್ರ ನಿಯಮಕ್ಕೆ ನಾನು ಯಾವತ್ತು ಬೆಲೆ ಕೊಟ್ಟೆ, ಕೊಡುವುದಿಲ್ಲ, ಕೈ ನಿಲ್ಲುತ್ತಿಲ್ಲ, ಬಲಕ್ಕೆ, ಮುರಿ, ಎಡಕ್ಕೆ, ಪೋಸ್ಟ್ ಮಾಸ್ತರರ ಕೈ ಕೊಂಬುಗಳ ಮೇಲೆ ಸರಿಯುತ್ತಿದೆ, ಒಂದನ್ನು ಎತ್ತಿ ಇಟ್ಟರು, ಇನ್ನೊಂದು, ತುದಿಗೆ ಬಂದರು, ಅರೆ, ಇದರಲ್ಲೇನೋ ಇದೆಯಲ್ಲ ಸಾರ್ — ಬಿಳಿ ಗಂಟು, ಅವರ ಉಗುರು ಅದರ ಬಾಲ ಹುಡುಕುತ್ತಿದೆ, ಒಳಗೆ ಮಡಚಿದೆ, ನಾನೇ ಮಡಚಿದ್ದು, ಬಿಳಿ ಗಂಟು