ಮೂರು ಕೈ ಉಪ್ಪು

ವಾರಿಜಾ ಪೈಪಿನ ತುದಿಯನ್ನು ಮೀನಿನ ತೊಟ್ಟಿಯ ಮರಳಿಗೆ ಒತ್ತಿ ಹಿಡಿದಳು. ಇನ್ನೊಂದು ತುದಿ ಕೆಳಗಿನ ಬಕೆಟ್ಟಿನಲ್ಲಿತ್ತು. ಮರಳಿನ ಕೊಳೆ ಕಂದು ನೀರಾಗಿ ಇಳಿಯುತ್ತಿದ್ದಂತೆ, ಮೀನುಗಳಿಗೆ ತಾಕದಂತೆ ಕೈಯನ್ನು ಮೆಲ್ಲಗೆ ಸರಿಸಿದಳು. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕಾಲುಭಾಗ ನೀರು ತೆಗೆದು, ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರಿಗೆ ಒಂದು ಚಮಚ ಕಲ್ಲುಪ್ಪು ಕರಗಿಸಿ ಸುರಿದಳು.

ಬಿಳೇಕಹಳ್ಳಿಯ ಆ ಮೂರಂತಸ್ತಿನ ಮನೆ ಬೈರಣ್ಣ, ಈಶ್ವರಮ್ಮ ದಂಪತಿಯದು. ವಾರಿಜಾ ಕೆಳಮನೆಯ ಬಾಡಿಗೆಯವರ ಮಗಳು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಬೆಳಕು ಚೆನ್ನಾಗಿದೆಯೆಂದು ಓನರ್ ಮನೆಯ ಹಾಲಿಗೆ ಬಂದು ಕೂರುತ್ತಿದ್ದಳು. ಎರಡು ಗೋಲ್ಡ್ ಫಿಶ್‌ಗಳಲ್ಲಿ ದೊಡ್ಡದರ ಬಾಲದ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದದ್ದನ್ನು ಮೊದಲು ಕಂಡವಳು ಅವಳೇ. ಬೈರಣ್ಣ ಅದನ್ನು ವಯಸ್ಸಿಗೆ ಬಂದ ಲಕ್ಷಣ ಎಂದಿದ್ದರು. ಆ ಮೀನಿಗೆ ಅವರಿಟ್ಟ ಹೆಸರು ಯಜಮಾನ. ದಿನಾ ಬೆಳಿಗ್ಗೆ ತಿಂಡಿ ತಟ್ಟೆ ಹಿಡಿದು ಅದರೆದುರು ಕೂತು, ಅಗೆದು ಬಿಟ್ಟ ರಸ್ತೆಯಿಂದ ತಮ್ಮ ಮೊಣಕಾಲು ನೋವಿನವರೆಗೆ ಎಲ್ಲ ವರದಿ ಒಪ್ಪಿಸುತ್ತಿದ್ದರು.

ಬಿಟಿಎಂ ಲೇಔಟಿನ ಅಕ್ವೇರಿಯಂ ಅಂಗಡಿಯ ಮಧುಮತಿ, ವಾರಿಜಾ ತೋರಿಸಿದ ಫೋಟೊ ನೋಡಿದ ಕೂಡಲೇ ಹುಳ ಎಂದಿದ್ದಳು. ಪ್ರತಿ ಚುಕ್ಕೆಯೊಳಗೂ ಒಂದು ಹುಳ. ಅದು ಬಲಿತು ಮರಳಿಗೆ ಉದುರಿ, ನೂರಾರಾಗಿ ಮತ್ತೆ ಮೀನಿಗೆ ಹತ್ತುತ್ತದೆ. ಹೀಟರ್ ಹಾಕಿದರೆ ಬೇಗ ಉದುರುತ್ತದೆ, ಉದುರಿ ಹುಟ್ಟಿದ ಮರಿಗಳನ್ನು ಉಪ್ಪು ಕೊಲ್ಲುತ್ತದೆ. ಚುಕ್ಕೆ ಮೊದಲೇ ಹೋದರೂ ಒಟ್ಟು ಹತ್ತು ದಿನ ಔಷಧಿ ಬಿಡಬಾರದು. ಮೊದಲ ದಿನ ಉಪ್ಪು ನಾಲ್ಕೇ ಚಮಚ, ಆಮೇಲೆ ದಿನಾ ಬದಲಿಸಿದ ಕಾಲುಭಾಗ ನೀರಿಗಷ್ಟೇ ಒಂದು.

"ಇನ್ಮೇಲೆ ನೀನೇ ಡಾಕ್ಟ್ರು ಕಣಮ್ಮ," ಎಂದು ಬೈರಣ್ಣ ಚಮಚ ಅವಳ ಕೈಗಿತ್ತಿದ್ದರು. ಅಂಥ ದೊಡ್ಡ ಕೆಲಸ ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಇವತ್ತಿಗೆ ನಾಲ್ಕನೇ ದಿನ. ಚುಕ್ಕೆಗಳು ಹೆಚ್ಚುಕಮ್ಮಿ ಹೋಗಿದ್ದವು. ಆದರೆ ಯಜಮಾನ ರೆಕ್ಕೆ ಮಡಿಚಿ ತಳದಲ್ಲಿ ಕೂತಿತ್ತು. ಕಾಳಿನ ಕಡೆ ತಿರುಗಿಯೂ ನೋಡಲಿಲ್ಲ. ಸತ್ತರೆ ತನ್ನ ಕೈಯಲ್ಲೇ ಸತ್ತ ಹಾಗೆ. ಹೀಟರ್ ಸರಿಯಿತ್ತು, ಗುಳ್ಳೆಯೂ ಬರುತ್ತಿತ್ತು. ಅವಳು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಸಾರಿನಷ್ಟು ಉಪ್ಪು. ಅಡುಗೆಮನೆಗೆ ಹೋಗಿ ನೋಡಿದರೆ, ಔಷಧಿ ಶುರುಮಾಡಿದ ಸೋಮವಾರ ಕುತ್ತಿಗೆವರೆಗಿದ್ದ ಉಪ್ಪಿನ ಭರಣಿ ಅರ್ಧಕ್ಕಿಳಿದಿತ್ತು.

ಯಾರು ಹಾಕುತ್ತಿದ್ದಾರೆಂದು ನೋಡಲು ವಾರಿಜಾ ಹಾಲಿನ ಮೂಲೆಯಲ್ಲಿ ಸೀರೆ ಹಿಡಿದು ಕೂತಳು.

ಪೂಜೆ ಮುಗಿಸಿದ ಈಶ್ವರಮ್ಮ ಮುಷ್ಟಿ ಉಪ್ಪು ತಂದು ತೊಟ್ಟಿಗೆ ಮೂರು ಸಲ ನಿವಾಳಿಸಿದರು. ದೃಷ್ಟಿ ತೆಗೆದ ಉಪ್ಪನ್ನು ನೀರಿಗೇ ಹಾಕಬೇಕು. ನೀರು ಕಣ್ಣೆದುರೇ ಇತ್ತು, ಹಾಕಿದರು. ವಾರಿಜಾ ಸೀರೆ ಪಕ್ಕಕ್ಕಿಡುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ಹಿಂದೆಯೇ ಬೈರಣ್ಣ ಬಂದರು. ಹೆಂಡತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಜುಬ್ಬದ ಜೇಬಿನಿಂದ ಒಂದು ಹಿಡಿ ಉಪ್ಪು ತೆಗೆದರು. ಮೂಲೆಯಲ್ಲಿದ್ದವಳು ಅವರ ಲೆಕ್ಕದಲ್ಲಿರಲಿಲ್ಲ.

"ಅಂಕಲ್, ಹಾಕ್ಬೇಡಿ."

ಅವಳ ದನಿ ಅವಳಿಗೇ ಜೋರೆನಿಸಿತು. ಈಶ್ವರಮ್ಮ ಸೌಟು ಹಿಡಿದೇ ಓಡಿ ಬಂದರು.

"ಬೇಗ ವಾಸಿಯಾಗ್ಲಿ ಅಂತ ದಿನಾ ಒಂಚೂರು..." ಎಂದರು ಬೈರಣ್ಣ.

"ದಿನಾನಾ? ಔಷಧಿ ಅಂದ್ರೆ ಆಟ ಅಂದ್ಕೊಂಡ್ರಾ ನೀವು?"

"ಆಂಟಿ, ನೀವೂ ಹಾಕಿದ್ರಿ," ಎಂದಳು ವಾರಿಜಾ, ನೆಲ ನೋಡುತ್ತ.

"ನಂದು ದೃಷ್ಟಿ ಉಪ್ಪು ಕಣೆ. ಅದು ಲೆಕ್ಕಕ್ಕಿಲ್ಲ."

"ಹೌದೌದು, ನಿಂದು ಸಿಹಿ," ಎಂದರು ಬೈರಣ್ಣ. "ಒಂಚೂರು ಹುಣಸೆಹಣ್ಣೂ ಬಿಟ್ಟಿದ್ರೆ ಊಟಕ್ಕೇ ಕೂರ್ಬೋದಿತ್ತು."

ನಗು ತಡೆಯಲು ವಾರಿಜಾ ಬಕೆಟ್ ಎತ್ತಿಕೊಂಡಳು. ಅರ್ಧ ನೀರು ತೆಗೆದಳು. ಡ್ರಮ್ಮಿನ ಉಪ್ಪಿಲ್ಲದ ನೀರಿಗೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಲೋಟ ಲೋಟವಾಗಿ ಬಿಟ್ಟಳು. ಗಂಡ ಹೆಂಡತಿ ಇಬ್ಬರೂ ಹೇಳಿದಾಗ ಲೋಟ ಕೊಟ್ಟರು, ಹೇಳಿದಾಗ ಸುಮ್ಮನಿದ್ದರು.

ಮಧ್ಯಾಹ್ನದ ಹೊತ್ತಿಗೆ ಯಜಮಾನ ಒಂದು ರೆಕ್ಕೆ ಬಿಚ್ಚಿತು. ಆಮೇಲೆ ಇನ್ನೊಂದು. ಮೆಲ್ಲಗೆ ಮೇಲೆದ್ದು ಒಂದು ಕಾಳು ನುಂಗಿ, ಉಗುಳಿ, ಮತ್ತೆ ನುಂಗಿತು. ಬೈರಣ್ಣ ತೊಟ್ಟಿಗೆ ಬಾಗಿ, ಬೆಳಿಗ್ಗೆ ಬಾಕಿ ಉಳಿದಿದ್ದ ವರದಿ ಶುರು ಮಾಡಿದರು. ಈಶ್ವರಮ್ಮ ಪಕ್ಕದಲ್ಲಿ ಬಾಗಿ ತಪ್ಪು ತಿದ್ದತೊಡಗಿದರು.

ವಾರಿಜಾ ಉಪ್ಪಿನ ಭರಣಿಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲ ಬಳಿ ನಿಂತಳು.

"ಆಂಟಿ, ಇದು ಇನ್ನಾರು ದಿನ ನಮ್ಮನೇಲಿರ್ಲಿ."

ಇಬ್ಬರ ಹಣೆಯೂ ಗಾಜಿಗೆ ಅಂಟಿತ್ತು.