ಮೂರನೇ ಗುಂಡಿಯ ಸೊಪ್ಪು

ಮಳೆಗಾಲದ ಆರಂಭದಲ್ಲಿ ಜ್ವರ ಬಂದು ಹೋದ ಮೇಲೆ ಸೀತುವಿನ ತೂಕ ಹನ್ನೆರಡು ಕಿಲೋದಲ್ಲೇ ನಿಂತಿತ್ತು. ಮುಂದಿನ ಸಲವೂ ಏರದಿದ್ದರೆ ಮಂಗಳೂರಿನ ಆಸ್ಪತ್ರೆಗೆ ಕಳಿಸಬೇಕು ಎಂದು ಡಾಕ್ಟರು ಹೇಳಿದ್ದರು. ಬಾಲವಾಡಿಯ ದಮಯಂತಿ ಟೀಚರು ಸೀತುವಿನ ತಾಯಿ ಪಂಕಜಾಕ್ಷಿಗೆ ಸಿಕ್ಕಿದಾಗಲೆಲ್ಲ, ಅಂಗಳದಲ್ಲೇ ನುಗ್ಗೆಮರ ಉಂಟಲ್ಲ, ಸೊಪ್ಪು ಮಾಡಿಕೊಡು ಎನ್ನುತ್ತಿದ್ದಳು. ಪಂಕಜಾಕ್ಷಿ ಸೆರಗಿನ ತುದಿ ಹಿಡಿದು ಆಯ್ತು ಎನ್ನುತ್ತಿದ್ದಳು.

ಆ ವರ್ಷ ಪುತ್ತೂರಿನ ಹೈಸ್ಕೂಲಿಗೆ ಕಂಪ್ಯೂಟರು ಬಂದಿತ್ತು. ಗಣಿತದ ಮೇಷ್ಟ್ರು ಉದಯಶಂಕರ ಪುಟ್ಟ ಮಕ್ಕಳಿಗೆಂದು ಅದರಲ್ಲೊಂದು ಆಟ ಮಾಡಿದ್ದ. ಪರದೆಯ ಮೇಲೆ ಗೆರೆಯಲ್ಲಿ ಬರೆದ ಒಬ್ಬಳು ಹುಡುಗಿ. ಮೊಟ್ಟೆ, ಕಾಳಿನ ಗುಂಡಿ ಒತ್ತಿದರೆ ಅವಳ ಒಂದು ಕೆನ್ನೆ ತುಂಬುತ್ತದೆ, ಸೊಪ್ಪಿನದು ಒತ್ತಿದರೆ ಇನ್ನೊಂದು, ಮಿಠಾಯಿಯದು ಒತ್ತಿದರೆ ಕೆನ್ನೆ ಒಳಗೆ ಹೋಗುತ್ತದೆ. ಗುಂಡಿಗಳ ಮೇಲೆ ಅಂಟಿಸುವ ಚಿತ್ರಗಳನ್ನು ದಮಯಂತಿಯೇ ಬರೆದಿದ್ದಳು. ಒಂದನೇ ಗುಂಡಿಗೆ ಮೊಟ್ಟೆ, ಎರಡನೆಯದಕ್ಕೆ ಹೆಸರುಕಾಳು, ಮೂರನೆಯದಕ್ಕೆ ನುಗ್ಗೆಸೊಪ್ಪು, ನಾಲ್ಕನೆಯದಕ್ಕೆ ಮಿಠಾಯಿ.

ಬಾಲವಾಡಿಯ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಕಾಲು ಒರೆಸಿ ಹೈಸ್ಕೂಲಿನ ಕಂಪ್ಯೂಟರು ಕೋಣೆಗೆ ಬಂದರು. ಎಲ್ಲರೂ ಒತ್ತಿದರು, ಮೂರನೇ ಗುಂಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಸೀತುವಿನ ಸರದಿಯಲ್ಲೂ ಪರದೆಯ ಹುಡುಗಿಯ ಒಂದು ಕೆನ್ನೆ ಚಪ್ಪಟೆಯಾಗಿಯೇ ಉಳಿಯಿತು. ನಿಮ್ಮ ಪಾಠ ಇಷ್ಟೇಯಾ ಅಕ್ಕ ಎಂದು ಉದಯಶಂಕರ ನಕ್ಕ.

ದಮಯಂತಿ ಸೀತುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಇದನ್ನು ಯಾಕೆ ಬಿಟ್ಟೆ ಎಂದು ಕೇಳಿದಳು.

"ಈಗ ಆಟಿ ತಿಂಗಳಲ್ವಾ ಟೀಚರೇ? ಆಟಿಯಲ್ಲಿ ನುಗ್ಗೆಸೊಪ್ಪು ತಿಂದ್ರೆ ಹೊಟ್ಟೆಗೆ ಆಗುದಿಲ್ಲ," ಎಂದಳು ಸೀತು. ಮತ್ತೆ ಪರದೆಯನ್ನು ತೋರಿಸಿ ಮೆಲ್ಲಗೆ, "ಅವಳಿಗೂ ಕೊಡುದು ಬೇಡ," ಎಂದಳು.

ದಮಯಂತಿಗೆ ಮುಖ ಬಿಸಿಯಾಯಿತು. ತನ್ನ ಮನೆಯಲ್ಲೂ ಮಳೆಗಾಲದ ಈ ಆಟಿ ತಿಂಗಳು ಹುಟ್ಟಿದಂದಿನಿಂದ ನುಗ್ಗೆಸೊಪ್ಪು ಒಳಗೆ ಬಂದಿರಲಿಲ್ಲ. ಅತ್ತೆ ಬೇಡ ಎಂದಿದ್ದರು, ಅವಳು ಆಯ್ತು ಎಂದಿದ್ದಳು. ಪಂಕಜಾಕ್ಷಿಯೂ ಹಾಗೆಯೇ ಅಲ್ಲವೇ, ಅತ್ತೆಗೊಂದು ಆಯ್ತು, ಟೀಚರಿಗೊಂದು ಆಯ್ತು. ಎರಡರ ನಡುವೆ ಮಗುವಿನ ಬಟ್ಟಲು ಖಾಲಿ.

"ಹಾಗಾದ್ರೆ ಈಗ ಎಂತ ಸೊಪ್ಪು ಮಾಡುದು ನಿಮ್ಮಲ್ಲಿ?"

"ಅಜ್ಜಿಗೆ ತಜಂಕು ಸೊಪ್ಪು ಇಷ್ಟ. ಕೊಯ್ಲಿಕ್ಕೆ ಅಮ್ಮನಿಗೆ ಪುರುಸೊತ್ತಿಲ್ಲ."

ದಮಯಂತಿ ಮಳೆಯಲ್ಲೇ ಎದ್ದು ಹೋಗಿ ಮೈದಾನದ ಅಂಚಿನಲ್ಲಿ ತಾನಾಗಿ ಮೊಣಕಾಲೆತ್ತರ ಬೆಳೆದಿದ್ದ ತಜಂಕಿನ ಒಂದೆಲೆ ಚಿವುಟಿ ತಂದಳು. ನುಗ್ಗೆಯ ಚಿತ್ರ ಕಿತ್ತು, ಆ ಎಲೆಯನ್ನೇ ಒರೆಸಿ ಮೂರನೇ ಗುಂಡಿಗೆ ಅಂಟಿಸಿದಳು. ಯಂತ್ರಕ್ಕೆ ಹೇಳಬೇಕಾ ಎಂದು ಉದಯಶಂಕರನನ್ನು ಕೇಳಿದಳು. ಅದಕ್ಕೆ ಎಲ್ಲ ಸೊಪ್ಪೂ ಒಂದೇ ಎಂದ ಅವನು. ಸೀತು ಒತ್ತಿದಳು. ಇನ್ನೊಂದು ಕೆನ್ನೆಯೂ ತುಂಬಿತು.

ಸಂಜೆ ದಮಯಂತಿ ಕೊಡೆಯಡಿ ಒಂದು ಮಡಿಲು ತಜಂಕು ಕೊಯ್ದುಕೊಂಡು ಪಂಕಜಾಕ್ಷಿಯ ಮನೆಗೆ ಹೋದಳು. ಉಪದೇಶವೇನೂ ಹೇಳಲಿಲ್ಲ. ಅಜ್ಜಿಯ ಎದುರು ಸೊಪ್ಪು ಸುರಿದು, ತನ್ನ ಅತ್ತೆಯೂ ಆಟಿಯಲ್ಲಿ ನುಗ್ಗೆಸೊಪ್ಪು ಮಾಡಲು ಬಿಡುವುದಿಲ್ಲ, ಇದನ್ನು ಹೇಗೆ ಮಾಡುದು ಹೇಳಿ ಎಂದು ಕೇಳಿದಳು. ಅಜ್ಜಿ ಮೊರ ಎಳೆದುಕೊಂಡು ಹಲಸಿನ ಬೀಜ ತಾ ಎಂದು ಸೊಸೆಗೆ ಹೇಳಿದರು. ಪಂಕಜಾಕ್ಷಿ ಮೊದಲ ಸಲ ದಮಯಂತಿಯ ಮುಖ ನೋಡಿ, "ಕೂತ್ಕೊಳ್ಳಿ ಟೀಚರೇ, ನಾನೂ ಸೋಸ್ತೇನೆ," ಎಂದಳು.

ಮುಂದಿನ ತೂಕದ ದಿನ ಮುಳ್ಳು ಹನ್ನೆರಡನ್ನು ದಾಟಿ ಒಂದು ಗೆರೆ ಮೇಲೆ ನಿಂತಿತು.