ಇಪ್ಪತ್ತರ ಬೋರ್ಡು

"ಆ ಬೋರ್ಡು ಕೀಳ್ರೋ, ಕತ್ತೆ ನನ್ಮಕ್ಳಾ. ಇನ್ಮೇಲೆ ಡ್ರೈವರಿಗೆ ಸ್ಕ್ರೀನಲ್ಲೇ ಬರುತ್ತೆ ಅಂತ ಎಷ್ಟು ಸಲ ಬಡ್ಕೊಳ್ಲಿ?"

ಸಾಹೇಬ ಕೊಡೆಯ ನೆರಳಿನಿಂದ ಹೊರಗೆ ಬಾರದೆ ಹೇಳಿದ. ರೈಲಿನ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರು ಮೀರಬಾರದೆಂದು, ಇಪ್ಪತ್ತು ಎಂದು ಬರೆದ ಹಳದಿ ಬೋರ್ಡನ್ನು ನೆಟ್ಟಿದ್ದವನು ನಮ್ಮ ಗ್ಯಾಂಗಿನ ಮೇಸ್ತ್ರಿ, ನನ್ನ ಚಿಕ್ಕಪ್ಪ. ಕಿತ್ತವನೂ ಅವನೇ. ಗುಡ್ಡ ಸೀಳಿ ಮಾಡಿದ ಓಣಿಯಲ್ಲಿ ಚಿಕ್ಕಮ್ಮನೂ ನಾನೂ ಸೇರಿ ಹನ್ನೊಂದು ಜನ ಹಳಿಯಡಿಯ ಜಲ್ಲಿ ಬಗೆಯುತ್ತಿದ್ದೆವು. ಎರಡೂ ಕಡೆ ಬಂಡೆ. ರೈಲು ಬಂದರೆ ಬಂಡೆಗೆ ಬೆನ್ನು ಅಂಟಿಸಿ, ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಇಪ್ಪತ್ತರ ವೇಗದಲ್ಲಿ ಬಂದರೆ ಬದುಕುತ್ತೇವೆ.

ಸಂಜೆ ಸಾಹೇಬ ಹೊಸ ಯಂತ್ರದ ಗಾಜಿನ ಮೇಲೆ ಚಿಕ್ಕಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ. ಹಾಜರಿ ಎಂದ. ಬೆಳಿಗ್ಗೆಯೇ ಹಾಜರಿ ಆಗಿತ್ತು. ಚಿಕ್ಕಪ್ಪನಿಗೆ ಓದಲು ಬಾರದು. ನಾನು ಇಣುಕುವಷ್ಟರಲ್ಲಿ ಸಾಹೇಬ ಯಂತ್ರವನ್ನು ಎದೆಗೆ ಅವಚಿಕೊಂಡ. ಮತ್ತೇಕೆ ಹಾಜರಿ ಎಂದು ಕೇಳಿದ್ದಕ್ಕೆ, ನಾಲ್ಕಕ್ಷರ ಕಲಿತವಳ ಕೊಬ್ಬು ಎಂದ. ನಾಳೆ ದೊಡ್ಡ ಸಾಹೇಬರು ಡ್ರೈವರ ಮುಂದಿನ ಹೊಸ ಸ್ಕ್ರೀನು ನೋಡಲೆಂದೇ ರೈಲಿನಲ್ಲಿ ಬರುತ್ತಾರೆ, ಎಲ್ಲೂ ತಡವಾಗಕೂಡದು ಎಂದ.

ಮರುದಿನ ಬೆಳಿಗ್ಗೆ ಗೂಡ್ಸು ಗಾಡಿ ಮಾಮೂಲಿ ಓಟದಲ್ಲೇ ನುಗ್ಗಿತು. ಹಳಿ ಹಗ್ಗದ ಮಂಚದಂತೆ ಕುಣಿಯಿತು. ಗಾಳಿ ಚಿಕ್ಕಮ್ಮನನ್ನು ಬಂಡೆಯಿಂದ ಕಿತ್ತು ಚಕ್ರದ ಕಡೆ ಎಳೆಯಿತು. ಚಿಕ್ಕಪ್ಪ ಜಡೆ ಹಿಡಿದು ಜಗ್ಗಿದ. ಎಲ್ಲಿಂದಲೋ ಸಿಡಿದ ಜಲ್ಲಿಗೆ ಅವಳ ಕಿವಿ ಹರಿದಿತ್ತು.

ಗಾಡಿ ಮುಂದಿನ ಸಿಗ್ನಲಿನಲ್ಲಿ ನಿಂತಿತು. ನಾನು ಓಡಿ ಹೋಗಿ ಡ್ರೈವರನ ಅಪ್ಪ ಅಜ್ಜಂದಿರನ್ನೆಲ್ಲ ಎಳೆತಂದು ಬೈದೆ. ಅವನು ತನ್ನ ಮುಂದಿನ ಸ್ಕ್ರೀನಿನ ಕಡೆ ಬೊಟ್ಟು ಮಾಡಿದ.

"ಮೇಲೆ ಹತ್ತಿ ನೀನೇ ನೋಡಮ್ಮ. ಕೆಲ್ಸ ಮುಗೀತು, ಜೋರಾಗಿ ಓಡಿಸಬಹುದು ಅಂತ ನಿಮ್ ಮೇಸ್ತ್ರಿನೇ ನಿನ್ನೆ ಹೆಬ್ಬೆಟ್ಟು ಒತ್ತಿದ್ದಾನೆ."

ಓದಿದೆ. ಹಾಗೇ ಇತ್ತು. ಮೊದಲೆಲ್ಲ ಸ್ಟೇಷನ್ನಿನಲ್ಲಿ ಎಚ್ಚರಿಕೆ ಚೀಟಿ ಕೊಡುತ್ತಿದ್ದರು, ಚೀಟಿ ತಪ್ಪಿದರೆ ಬೋರ್ಡು ಕಾಣುತ್ತಿತ್ತು, ಈಗ ಈ ಗಾಜು ಹೇಳಿದ್ದೇ ಸತ್ಯ ಎಂದು ಅವನು ಗೊಣಗಿದ.

ನಾನು ಬಂದು ಹೇಳಿದ್ದೇ ಚಿಕ್ಕಪ್ಪ ಸುತ್ತಿಗೆ ಎತ್ತಿಕೊಂಡು ನಡೆದ. ದೂರದಿಂದಲೇ ಕಾಣುವಂತೆ, ಓಣಿಯ ಬಾಯಲ್ಲಿ, ಹಳಿಗಳ ನಡುವೆ ಗೂಟ ಹೊಡೆದು ಕೆಂಪು ಬಾವುಟ ಕಟ್ಟಿದ.

ದೊಡ್ಡ ಸಾಹೇಬರ ರೈಲು ಕಿರುಚುತ್ತ ಅದರೆದುರು ನಿಂತಿತು. ನಮ್ಮ ಸಾಹೇಬ ಅದರಿಂದ ಇಳಿದು ಜಲ್ಲಿಯ ಮೇಲೆ ಜಾರುತ್ತ ಬಂದ. ಕೆಲಸ ಹೋಯಿತೆಂದುಕೋ, ಜೈಲಿಗೆ ಹಾಕಿಸುತ್ತೇನೆ, ನಿನ್ನ ಹೆಬ್ಬೆಟ್ಟೇ ಸಾಕ್ಷಿ ಎಂದು ಕೂಗಾಡಿದ. ಕಿಟಕಿಯಲ್ಲಿ ದೊಡ್ಡ ಸಾಹೇಬರ ಮುಖ ಕಂಡದ್ದೇ ಅವನ ದನಿ ಇಳಿಯಿತು. ಬಾವುಟ ತೆಗೆದುಬಿಡು ಮಾರಾಯ, ಯಾರಿಗೂ ಏನೂ ಆಗದಂತೆ ನೋಡಿಕೊಳ್ಳುತ್ತೇನೆ ಎಂದ.

"ತೆಗೀತೀನಿ ಸಾಹೇಬ್ರೆ," ಚಿಕ್ಕಪ್ಪ ಅಂದ. "ನೀವೂ ಬನ್ನಿ, ನಮ್ ಸಾಲಲ್ಲಿ ಬಂಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ಗಾಡಿ ಸ್ಕ್ರೀನು ಹೇಳಿದಷ್ಟೇ ಜೋರಾಗಿ ಬರ್ಲಿ."

ನಾವು ಓಣಿಯೊಳಗೆ ಹೋಗಿ ಸಾಲಾಗಿ ನಿಂತೆವು. ಚಿಕ್ಕಮ್ಮ ಕಿವಿಗೆ ಸೆರಗು ಒತ್ತಿಕೊಂಡೇ ಒಂದು ಹೆಜ್ಜೆ ಸರಿದು, ತನ್ನ ಪಕ್ಕದಲ್ಲಿ ಒಬ್ಬ ನಿಲ್ಲುವಷ್ಟು ಜಾಗ ಬಿಟ್ಟಳು.